ಮಾಸ್ ಅಂದರೆ ನಾದಿದ ಹಿಟ್ಟು

ಉಣಕಲ್ಲಿನ ನಮ್ಮ ಓಣಿಗೆ ಇಂಗ್ಲಿಷಿನ ಯಾವ ಕಾಗದ ಬಂದರೂ ಅದು ಮೊದಲು ನನ್ನ ಮನೆಗೆ ಬರುತ್ತಿತ್ತು. ಬ್ಯಾಂಕಿನ ಪತ್ರ, ಔಷಧದ ಚೀಟಿ, ಮಕ್ಕಳ ಅರ್ಜಿ, ಎಲ್ಲವೂ. ವಿದ್ಯಾನಗರದ ಕಾಲೇಜಿನಲ್ಲಿ ಇಪ್ಪತ್ತಾರು ವರ್ಷ ಇಂಗ್ಲಿಷ್ ಕಲಿಸಿದವಳಿಗೆ ಅದೊಂದು ಹೆಮ್ಮೆಯಾಗಿತ್ತು.

ಹಿಂದಿನ ಓಣಿಯ ಅಬೀದಾ ಮನೆಯಲ್ಲೇ ಜೋಳದ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುತ್ತಾಳೆ. ನಮಗೂ ದಿನಕ್ಕೆ ಆರು. ಕಳೆದ ಡಿಸೆಂಬರಿನಲ್ಲಿ ಒಂದು ದಿನ ರೊಟ್ಟಿಯ ಡಬ್ಬಿಯ ಜೊತೆ ಸ್ಕ್ಯಾನಿಂಗ್ ರಿಪೋರ್ಟ್ ತಂದು, ಒಂದು ಶಬ್ದದ ಮೇಲೆ ಬೆರಳಿಟ್ಟಳು.

"ಅಕ್ಕಾರ, ಇಲ್ಲಿ ಮಾಸ್ ಅಂತ ಬರದಾರಂತ, ಸ್ಕ್ಯಾನಿಂಗ್ ಮಾಡಿದಾಕಿ ತೋರಿಸಿದ್ಲು. ಏನ್ರಿ ಹಂಗಂದ್ರ? ಡಾಕ್ಟರ್ ಕಡೆ ಹೋಗೂದಕ್ಕ ಮೊದಲ ಕೇಳೂಣು ಅಂತ ಬಂದೆ."

ಎಡಗಡೆಯ ಮೊಲೆ ಎಂದು ಮೇಲೆಯೇ ಬರೆದಿತ್ತು. ಪಕ್ಕದಲ್ಲಿ ನನ್ನ ಗಂಡ ಪೇಪರು ಓದುತ್ತ ಕೂತಿದ್ದರು. ಆ ಮಾತನ್ನು ಬಾಯಿಬಿಟ್ಟು ಆಡಲು ಸಂಕೋಚವಾಯಿತು. ಅದಕ್ಕಿಂತ ಹೆಚ್ಚಾಗಿ, ಆ ಪುಟ್ಟ ಶಬ್ದದ ಹುಟ್ಟು ನನಗೆ ಗೊತ್ತಿತ್ತು. ಹೇಳುವ ಆಸೆ ತಡೆಯಲಾಗಲಿಲ್ಲ.

"ಇದು ನಿನ್ನ ಕಸುಬಿನ ಶಬ್ದಾನ ಐತಿ ನೋಡ. ಭಾಳ ಹಿಂದ ಗ್ರೀಕ್ ಮಂದಿ ಜವೆಗೋದಿ ರೊಟ್ಟಿಗೆ ಮಾಝಾ ಅಂತಿದ್ರು. ಅದು ಲ್ಯಾಟಿನ್‌ದಾಗ ಮಾಸ್ಸಾ ಆತು. ಅಂದ್ರ ನಾದಿದ ಹಿಟ್ಟಿನ ಮುದ್ದಿ. ಇಂಗ್ಲಿಷಿನ್ಯಾಗ ಮಾಸ್. ಈಗ ಗಂಟಿಗೂ ಅಂತಾರ, ರಾಶಿಗೂ ಅಂತಾರ, ಮಂದಿ ಗುಂಪಿಗೂ ಅಂತಾರ."

"ಅಯ್ಯ ನಮ್ಮವ್ವ! ಮನ್ಯಾಗಿನ ಹಿಟ್ಟು ಸಾಲದಂತ ಮೈಯಾಗೂ ಇಟಗೊಂಡು ತಿರಗಾಕತ್ತೇನಿ ಅನ್ರಿ!"

ಇಬ್ಬರೂ ನಕ್ಕೆವು. ಕೆಳಗಿನ ಸಾಲನ್ನೂ ನಾನು ಓದಿದ್ದೆ. ತಡಮಾಡದೆ ಮುಂದಿನ ಪರೀಕ್ಷೆ ಮಾಡಿಸಬೇಕು ಎಂದಿತ್ತು. ಆ ನಗುವಿನ ನಡುವೆ ಅದನ್ನು ಹೇಳುವುದು ಹೇಗೆಂದು ತಿಳಿಯಲಿಲ್ಲ. ಡಾಕ್ಟರ್ ಹೇಗೂ ಹೇಳುತ್ತಾರೆ ಎಂದುಕೊಂಡು ಕಾಗದ ಮಡಿಚಿ ಕೊಟ್ಟೆ.

ಅಬೀದಾ ಡಾಕ್ಟರ ಬಳಿ ಹೋಗಲೇ ಇಲ್ಲ. ಹಿಟ್ಟಿನ ಮುದ್ದಿಯಂತ, ಅಕ್ಕಾರ ಹೇಳ್ಯಾರ ಎಂದು ಗಂಡ ಗುಲಾಬಸಾಬನಿಗೆ ಹೇಳಿ, ಮದುವೆ ಮನೆಗಳ ರೊಟ್ಟಿ ಬಡಿಯುತ್ತ ಉಳಿದಳಂತೆ. ನಾನೂ ಮತ್ತೆ ಕೇಳಲಿಲ್ಲ. ಐದು ತಿಂಗಳ ನಂತರ ನೋವು ಶುರುವಾದಾಗ ಗಂಟು ಕಂಕುಳಿನವರೆಗೂ ಹಬ್ಬಿತ್ತು. ಮೊಲೆ ತೆಗೆದರು.

ಆಪರೇಷನ್ ಆದ ಮೂರನೆಯ ವಾರ ನೋಡಲು ಹೋದೆ. ಮಗಳು ಮುಸ್ಕಾನ್ ಒಲೆಯ ಮುಂದೆ ಹಿಟ್ಟು ನಾದುತ್ತಿದ್ದಳು. ಬಾತ ಎಡಗೈಯನ್ನು ತಲೆದಿಂಬಿನ ಮೇಲಿಟ್ಟುಕೊಂಡು ಅಬೀದಾ ಅವಳನ್ನು ಬೈಯುತ್ತಿದ್ದಳು.

"ನೀರ ಕುದಿಯೂದಕ್ಕ ಮೊದಲ ಹಿಟ್ಟಿಗೆ ಸುರದಿ, ಅದೇನ ಅವಸರ? ಬಡಿಯೂದ್ರಾಗ ಹರೀತಾವ ನೋಡ!" ನನ್ನನ್ನು ಕಂಡು, "ಬರ್ರಿ ಅಕ್ಕಾರ, ಕೂಡ್ರಿ," ಎಂದಳು.

ಕೂತೆ. ತಂದ ಮೋಸಂಬಿಗಳನ್ನು ಕೊಟ್ಟೆ. ಅದೂ ಇದೂ ಮಾತಾಡಿದೆ. ಕೊನೆಗೆ ಹೇಳಿಬಿಟ್ಟೆ.

"ಅಬೀದಾ, ಅವತ್ತು ಆ ಕಾಗದದಾಗ ಲಗೂನ ಪರೀಕ್ಷಾ ಮಾಡಸ್ಬೇಕು ಅಂತ ಬರದಿತ್ತು. ನಾ ಓದಿದ್ದೆ. ನಿನಗ ಹೇಳಲಿಲ್ಲ."

ಮುಸ್ಕಾನಳ ಕೈ ನಿಂತಿತು. ಅಬೀದಾ ನನ್ನ ಮುಖ ನೋಡಲಿಲ್ಲ.

"ಗೊತ್ತೈತ್ರಿ. ದವಾಖಾನ್ಯಾಗ ಡಾಕ್ಟರಮ್ಮ ಆ ಸಾಲು ಓದಿ, ಇಷ್ಟ ದಿನ ಏನ ಮಾಡ್ತಿದ್ದೀ ಅಂತ ನನ್ನ ಬೈದ್ಲು. ಓದಾಕ ಬರೂದಿಲ್ರಿ ಅಂದೆ. ನಿಮ್ಮ ಹೆಸರ ಹೇಳಲಿಲ್ಲ."

ಅಬೀದಾ ಎಡಗೈಯನ್ನು ದಿಂಬಿನ ಮೇಲೆ ಸರಿಮಾಡಿಕೊಂಡಳು.

"ನೀವ ಬಂದು ಹೇಳ್ತೀರಿ ಅಂತ ದಾರಿ ನೋಡಾಕತ್ತಿದ್ದೆ. ಇಷ್ಟ ದಿನಾ ಆತು." ಆಮೇಲೆ ಮಗಳ ಕಡೆ ತಿರುಗಿದಳು. "ನಾದ, ಆರತೈತಿ. ಅಕ್ಕಾರಿಗೆ ಆರು ಕಟ್ಟಿ ಕೊಡು."

ರೊಟ್ಟಿ ಈಗಲೂ ಬರುತ್ತವೆ. ಮುಸ್ಕಾನ್ ತರುತ್ತಾಳೆ. ಕೆಲವು ದಿನ ಅವಳ ಕಂಕುಳಲ್ಲಿ ದವಾಖಾನೆಯ ಫೈಲು ಇರುತ್ತದೆ. ಡಬ್ಬಿ ಕೊಟ್ಟು, ಫೈಲನ್ನು ಹಾಗೇ ಒತ್ತಿ ಹಿಡಿದುಕೊಂಡು, ಮೂಲೆಯ ಔಷಧದಂಗಡಿಯ ನವಾಜನ ಬಳಿ ಓದಿಸಲು ಹೋಗುತ್ತಾಳೆ.