ಯಾಮ್ನಾ ಕೊಂಡ ಮಣ್ಣಿನ ಜೋಡಿ

ಆಶೂರಾ ಹಬ್ಬ ಹತ್ತಿರ ಬಂತೆಂದರೆ ಸಫಿ ಊರಿನ ಕುಂಬಾರರ ಗುಡ್ಡದ ಕೆಳಗಿನ ನಮ್ಮ ಓಣಿಯಲ್ಲಿ ಕಿವಿಗೆ ಹತ್ತಿ ಇಟ್ಟುಕೊಂಡೇ ಬಾಳಬೇಕು. ಹೆಣ್ಣುಮಕ್ಕಳೆಲ್ಲ ತಬಿಲಾತ್ ಎಂಬ ಜೋಡಿ ವಾದ್ಯ ಹಿಡಿದು ಹೊಸ್ತಿಲಿಗೆ ಬಂದು ಕೂರುತ್ತಾರೆ. ಒಂದು ದೊಡ್ಡ, ಒಂದು ಚಿಕ್ಕ ಮಣ್ಣಿನ ಗಡಿಗೆ, ಬಾಯಿಗೆ ಮೇಕೆಯ ಚರ್ಮ, ಎರಡನ್ನೂ ಪಕ್ಕಪಕ್ಕಕ್ಕೆ ಬಿಗಿದ ಬಾರು. ಅಷ್ಟೇ ಸಾಮಾನು, ಸದ್ದು ಮಾತ್ರ ಬಂದರಿನ ತನಕ. ಹಬ್ಬ ಮುಗಿಯುವಷ್ಟರಲ್ಲಿ ಅರ್ಧಕ್ಕರ್ಧ ಒಡೆದುಹೋಗಿರುತ್ತವೆ. ಮುಂದಿನ ವರ್ಷಕ್ಕೆ ಹೊಸದು. ಮಗಳಿಗೆ ಒಂದು ಜೋಡಿ ಕೊಡಿಸಲಾರದಷ್ಟು ಬಡವರು ನಮ್ಮಲ್ಲಿ ಯಾರೂ ಇಲ್ಲ.

ಆ ವರ್ಷ ಮಾತ್ರ ಓಣಿ ತಣ್ಣಗಿತ್ತು. ಚಳಿಗಾಲದಲ್ಲಿ ಯಾಮ್ನಾಳ ಮಗಳು ನೂಝಾ ಜ್ವರ ತಲೆಗೇರಿ ತೀರಿಕೊಂಡಿದ್ದಳು. ಹನ್ನೊಂದರ ಹುಡುಗಿ, ಇದ್ದವಳೇ ಅವಳೊಬ್ಬಳು. ಬಾರಿಸುವುದರಲ್ಲಿ ಎತ್ತಿದ ಕೈ. ಅವಳು ಶುರು ಮಾಡದೆ ಉಳಿದ ಹುಡುಗಿಯರು ಬೆರಳು ಎತ್ತುತ್ತಿರಲಿಲ್ಲ. ಸಾವಾದ ಮನೆ ಇರುವ ಓಣಿಯಲ್ಲಿ ವರ್ಷ ತುಂಬುವವರೆಗೆ ಚರ್ಮದ ಮೇಲೆ ಕೈ ಬೀಳಬಾರದೆಂಬುದು ಹಿರಿಯರು ಹಾಕಿದ ಕಟ್ಟು. ಆ ಮನೆಯವರೇ ಮೊದಲು ಬಾರಿಸಿದರೆ ಕಟ್ಟು ಬಿಚ್ಚುತ್ತದೆ ಎಂದೂ ಅವರೇ ಹೇಳಿದ್ದರು. ಹೇಳುವುದಕ್ಕೇನು, ಹೆತ್ತ ಮಗುವನ್ನು ಮಣ್ಣಿಗಿಟ್ಟವರು ಯಾರು ತಾನೇ ಬಾರಿಸುತ್ತಾರೆ?

ಯಾಮ್ನಾ ಮೀನಿನ ಡಬ್ಬಿ ಕಾರ್ಖಾನೆಯಲ್ಲಿ ಬೂತಾಯಿಯ ತಲೆ ಕೀಳುವವಳು. ಗಂಡ ದೋಣಿಯ ಮೇಲೆ ದಕ್ಷಿಣದ ಸಮುದ್ರದಲ್ಲಿ. ಬಂದರೆ ಬಂದ, ಇಲ್ಲದಿದ್ದರೆ ಇಲ್ಲ. ಅಪ್ಪ ಹಳ್ಳಿಯ ಮಸೀದಿಯಲ್ಲಿ ಮಕ್ಕಳಿಗೆ ಓದಿಸುತ್ತಿದ್ದ ಗುರು; ಚರ್ಮವಾದ್ಯವೆಂದರೆ ಸೈತಾನನ ಹೊಟ್ಟೆ ಎನ್ನುತ್ತಿದ್ದವನು. ಹಾಗಾಗಿ ಯಾಮ್ನಾ ಹುಟ್ಟಿದಾಗಿನಿಂದ ತಬಿಲಾತ್ ಮುಟ್ಟಿದವಳಲ್ಲ. ಮಗಳು ಬಾರಿಸುವಾಗ ಬಾಗಿಲಿಗೆ ಒರಗಿ ಕೇಳುತ್ತಿದ್ದಳು, ಅಷ್ಟೇ.

ಒಂದು ಸಂಜೆ ಕೆಲಸ ಮುಗಿಸಿ ಬರುವಾಗ, ನೂಝಾಳ ಗೆಳತಿ ಶಾಮಾ ಗೋಡೆಗೆ ಒರಗಿ ಕುಳಿತು ತನ್ನ ಮೊಣಕಾಲಿನ ಮೇಲೆ ಸದ್ದಿಲ್ಲದೆ ಬೆರಳು ಆಡಿಸುತ್ತಿದ್ದದ್ದು ಯಾಮ್ನಾಳ ಕಣ್ಣಿಗೆ ಬಿತ್ತು. ಅವಳನ್ನು ಕಂಡದ್ದೇ ಹುಡುಗಿ ಕೈ ಬಚ್ಚಿಟ್ಟುಕೊಂಡಳು. ಪಕ್ಕದಲ್ಲಿದ್ದ ಪುಟ್ಟ ತಂಗಿಗೆ ಅಷ್ಟು ಬುದ್ಧಿ ಎಲ್ಲಿಂದ ಬರಬೇಕು? ಮೂತಿ ಉಬ್ಬಿಸಿ ಹೇಳಿಯೇಬಿಟ್ಟಿತು: "ನೂಝಾ ಸತ್ತೋದ್ಲಲ್ಲ, ಅದಕ್ಕೇ ನಮಗೆ ಈ ಸಲ ತಬಿಲಾತ್ ಇಲ್ಲ."

ಶಾಮಾ ಅದರ ಬಾಯಿ ಮುಚ್ಚಿದಳು. ಆದರೆ ಆಡಿದ ಮಾತು ಯಾಮ್ನಾಳ ಎದೆಯಲ್ಲಿ ಮುಳ್ಳಾಗಿ ಕುಳಿತುಬಿಟ್ಟಿತು. ಮಗಳು ಹೋದದ್ದು ಸಾಲದೆ, ಈಗ ಓಣಿಯ ಮಕ್ಕಳು ಅವಳನ್ನು ಹಬ್ಬ ಕೆಡಿಸಿದವಳೆಂದು ನೆನೆಯಬೇಕೆ? ಅದೊಂದನ್ನು ತಾಳಲು ಅವಳಿಂದ ಆಗಲಿಲ್ಲ.

ಮಾರನೆಯ ದಿನವೇ ಶಾಮಾಳ ತಾಯಿ ಬತೂಲಳ ಬಳಿ ಹೋಗಿ, ಮಕ್ಕಳು ಬಾರಿಸಲಿ, ನನ್ನ ಅಡ್ಡಿಯಿಲ್ಲ ಎಂದಳು. ಬತೂಲ್ ಅವಳನ್ನು ತಬ್ಬಿ ಅತ್ತಳು. ನಾವೇನು ಮನುಷ್ಯರಲ್ಲವೇ ಯಾಮ್ನಾ, ನಿನ್ನ ಕರುಳಿನ ಮೇಲೆ ಕುಣಿಯುತ್ತೇವೆಯೇ ಎಂದಳು. ಇಡೀ ಓಣಿ ಸೇರಿಕೊಂಡು ಯಾಮ್ನಾ ದೊಡ್ಡ ಮನಸ್ಸಿನವಳೆಂದು ಹೊಗಳಿತು, ಮತ್ತು ಅವಳ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಒಳ್ಳೆಯವರ ಕಾಟ ನೋಡಿ, ಕೆಟ್ಟವರದಕ್ಕಿಂತ ಹೆಚ್ಚು. ಉಳಿದದ್ದು ಒಂದೇ ದಾರಿ.

ಹಬ್ಬದ ಹಿಂದಿನ ದಿನ ಅವಳು ಗುಡ್ಡ ಹತ್ತಿ, ಹಿರಿಯನೆಂದು ಎಲ್ಲರೂ 'ಬಾ' ಸೇರಿಸಿ ಕರೆಯುವ ಮುದುಕ ಬಾ ಅಲ್ಲಾಲನ ಅಂಗಡಿಗೆ ಹೋದಳು. ಗಡಿಗೆ ತಿರುಗಿಸುವವನೂ ಅವನೇ, ಚರ್ಮ ಬಿಗಿಯುವವನೂ ಅವನೇ, ಗಿರಾಕಿಗಳನ್ನು ಬೈಯುವವನೂ ಅವನೇ. ಯಾಮ್ನಾ ರಾಶಿಯಲ್ಲಿ ಕೈಯಾಡಿಸಿ, ನೀಲಿ ನಕ್ಷತ್ರ ಬರೆದ ಚೆಂದದ ಜೋಡಿಯೊಂದನ್ನು ಎತ್ತಿಕೊಂಡಳು.

"ಅದನ್ನ ಗೂಡಲ್ಲಿಟ್ಟು ನೋಡ್ತೀಯೋ, ಇಲ್ಲ ಬಾರಿಸ್ತೀಯೋ?" ಎಂದ ಮುದುಕ. "ಬಣ್ಣ ನುಡಿಯಲ್ಲ ತಾಯಿ. ಯಾರಿಗೆ? ಹುಡುಗೀನ ಕರ್ಕೊಂಡ್ ಬಾ. ಕೈ ನೋಡ್ದೆ ನಾನು ಜೋಡಿ ಕೊಡಲ್ಲ."

"ನನಗೇ ಬೇಕಾಗಿತ್ತು, ಬಾ ಅಲ್ಲಾಲ್. ಕಡಿಮೆ ಬೆಲೇದು ಸಾಕು. ನನಗೆ ಏನೂ ಬರಲ್ಲ."

"ಹಲ್ಲು ಉದುರೋ ಹೊತ್ತಿಗೆ ಕಡಲೆ ಆಸೆ," ಎಂದು ನಗುತ್ತಲೇ ಅವಳ ಕೈ ಹಿಡಿದು ಮಗುಚಿ ನೋಡಿದ. ಉಪ್ಪುನೀರಿಗೆ ಬಿರಿದ ಬೆರಳು, ಮೀನಿನ ಮುಳ್ಳು ಗೀರಿದ ಅಂಗೈ. ಯಾವ ಓಣಿ ಎಂದು ಕೇಳಿದ. ಹೇಳಿದಳು. ಆ ಓಣಿಯಿಂದ ಈ ಸಲ ಒಂದು ನರಪಿಳ್ಳೆಯೂ ಬಂದಿಲ್ಲವೆಂದು ಗೊಣಗುತ್ತಾ ರಾಶಿಯ ತಳಕ್ಕೆ ಕೈ ಹಾಕಿದ.

"ಉದ್ದ ಕಾಲಿನವಳೊಬ್ಬಳು ಬರ್ತಿದ್ಲು. ಇಡೀ ರಾಶಿ ಬುಡಮೇಲು ಮಾಡಿಸಿ, ಒಂದೊಂದನ್ನೂ ತಟ್ಟಿ ನೋಡಿ, ಕೊನೆಗೆ ಮೊದಲು ತೋರ್ಸಿದ್ದನ್ನೇ ತಗೊಳ್ಳೋಳು. ಶನಿ ಅಂತ ಬೈದು ಬೈದು ಕೊಡ್ತಿದ್ದೆ. ಅವಳೂ ಕಾಣಲಿಲ್ಲ."

"ಅವಳು ನನ್ನ ಮಗಳು," ಎಂದಳು ಯಾಮ್ನಾ. "ಹೋಗ್ಬಿಟ್ಲು."

ಮುದುಕ ಕೈಗೆ ಸಿಕ್ಕಿದ್ದನ್ನು ಬಿಟ್ಟು ರಾಶಿಯನ್ನು ಮತ್ತೆ ಕೆದಕಿದ. ಬಟ್ಟಿಯ ಹೊಗೆಗೆ ಒಂದು ಮಗ್ಗುಲು ಕಪ್ಪಾದ ಜೋಡಿಯೊಂದನ್ನು ತೆಗೆದು, ಬೆರಳಿನ ಗೆಣ್ಣಿನಿಂದ ಮಣ್ಣನ್ನು ತಟ್ಟಿ ಅವಳ ಕಿವಿಗೆ ಹಿಡಿದ. ಬಿರುಕಿಲ್ಲದ ಗಡಿಗೆ ಹೀಗೆ ಖಣ್ಣೆನ್ನಬೇಕು. ಕಲೆ ಇರುವುದರಿಂದ ಅರ್ಧ ಬೆಲೆ. ಸಮುದ್ರದ ತೇವಕ್ಕೆ ಚರ್ಮ ಸಡಿಲವಾಗುತ್ತದೆ, ಕೆಂಡಕ್ಕೆ ಹಿಡಿ, ಆದರೆ ಕೈ ಸುಡುವಷ್ಟು ಹತ್ತಿರ ಬೇಡ. ಇಷ್ಟನ್ನೂ ತಗ್ಗಿದ ದನಿಯಲ್ಲಿ ಹೇಳಿಕೊಟ್ಟ. ಪುಕ್ಕಟೆ ಕೊಡುತ್ತೇನೆ ಎನ್ನಲಿಲ್ಲ, ಅದಕ್ಕೆ ಯಾಮ್ನಾ ಮನಸ್ಸಿನಲ್ಲೇ ಅವನಿಗೆ ಕೈಮುಗಿದಳು. ಜೋಡಿಯನ್ನು ಸೆರಗಿನಡಿ ಮುಚ್ಚಿಕೊಂಡು ಇಳಿದಳು.

ಇಳಿಹೊತ್ತಿನಲ್ಲಿ ಅಗ್ಗಿಷ್ಟಿಕೆಯನ್ನು ಹೊಸ್ತಿಲಿಗೆ ತಂದು, ಚರ್ಮ ಕಾಯಿಸಿ, ತೊಡೆಯ ಮೇಲಿಟ್ಟುಕೊಂಡಳು. ಕಣ್ಣು ಮುಚ್ಚಿ ಹೊಡೆದಳು. ಸದ್ದು ಬಂತು, ಆದರೆ ತಾಳ ಎಲ್ಲಿಂದ ಬರಬೇಕು? ಬಲಗೈ ಒಂದು ಕಡೆ, ಎಡಗೈ ಇನ್ನೊಂದು ಕಡೆ. ಕಿಟಕಿಗಳು ತೆರೆದವು. ಬತೂಲ್ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ನಿಂತಳು. ಬುದ್ಧಿ ಕೆಟ್ಟಿತೇ ಪಾಪ ಎಂದು ಯಾರೋ ಪಿಸುಗುಟ್ಟಿದ್ದು ಯಾಮ್ನಾಳಿಗೂ ಕೇಳಿಸಿತು. ಅವಳು ನಿಲ್ಲಿಸಲಿಲ್ಲ.

ಕೊನೆಗೆ ಬಂದವಳು ಶಾಮಾ. ತಾಯಿಯ ಮುಖ ನೋಡಿದಳು, ಬತೂಲ್ ಹೂಂ ಎಂದು ತಲೆಯಾಡಿಸಿದಳು. ಹುಡುಗಿ ಯಾಮ್ನಾಳ ಎದುರು ಕುಕ್ಕರುಗಾಲಲ್ಲಿ ಕುಳಿತಳು.

"ಹಂಗಲ್ಲ ಚಿಕ್ಕಮ್ಮ. ದೊಡ್ಡದಕ್ಕೆ ಒಂದು, ಚಿಕ್ಕದಕ್ಕೆ ಎರಡು. ನೀವು ದೊಡ್ಡದು ಮಾತ್ರ ಹೊಡೀರಿ, ಚಿಕ್ಕದು ನಾನ್ ನೋಡ್ಕೋತೀನಿ."

ಹಾಗೆ ಶುರುವಾಯಿತು. ಕಟ್ಟು ಬಿಚ್ಚಿದ್ದೇ ತಡ, ಮಕ್ಕಳು ಗುಡ್ಡದ ಕಡೆ ಓಡಿದರು. ದೀಪ ಹಚ್ಚುವಷ್ಟರಲ್ಲಿ ಹೊಸ್ತಿಲು ಹೊಸ್ತಿಲಿಗೂ ಜೋಡಿ ಬಂದಿತ್ತು. ಅಂಜೂರ, ಬಾದಾಮಿಯ ತಟ್ಟೆಗಳು ಹೊರಬಂದವು. ಹೆಂಗಸರು ಒಬ್ಬೊಬ್ಬರಾಗಿ ಬಂದು ಯಾಮ್ನಾಳ ನೆತ್ತಿಗೆ ಮುತ್ತಿಟ್ಟು, ನೂಝಾಳಿಗೆ ಸ್ವರ್ಗ ಸಿಗಲೆಂದು ಹರಸಿದರು. ಮೂತಿ ಉಬ್ಬಿಸಿದ್ದ ಪುಟ್ಟದು ನಗುನಗುತ್ತಾ ನೂಝಾಳ ಹೆಸರು ಸೇರಿಸಿ ಪದ ಕಟ್ಟಿ ಹಾಡುತ್ತಿತ್ತು. ಯಾಮ್ನಾ ಬಯಸಿದ್ದು ಇದನ್ನೇ, ಬಯಸಿದ್ದೆಲ್ಲ ದಕ್ಕಿತು.

ಆಗ ಅವಳಿಗೆ ಹೊಳೆಯಿತು. ಇಷ್ಟು ದಿನ ಓಣಿಯಲ್ಲಿ ಯಾರೂ ಬಾರಿಸುತ್ತಿರಲಿಲ್ಲ. ಬಾರಿಸದ ಅಷ್ಟೂ ಹುಡುಗಿಯರಲ್ಲಿ ನೂಝಾಳೂ ಒಬ್ಬಳಾಗಿದ್ದಳು. ಈಗ ಎಲ್ಲರೂ ಬಾರಿಸುತ್ತಿದ್ದಾರೆ, ಅವಳೊಬ್ಬಳೇ ಇಲ್ಲ. ಆರು ತಿಂಗಳ ಹಿಂದೆ ಮಣ್ಣು ಹಾಕುವಾಗಲೂ ಮಗಳು ಇಷ್ಟು ಪೂರ್ತಿಯಾಗಿ ಹೋಗಿರಲಿಲ್ಲ. ದುಃಖ ಉಕ್ಕಿ ಬಂತು, ತಡೆಯಲಾಗಲಿಲ್ಲ.

ಶಾಮಾ ಬೆರಳು ನಿಲ್ಲಿಸಿದಳು. "ಚಿಕ್ಕಮ್ಮ, ಸಾಕು ಮಾಡ್ಲಾ?"

ಒಳಗೆ ಹೋಗಿ ಕದ ಹಾಕಿಕೊಳ್ಳಬೇಕೆಂದು ಯಾಮ್ನಾಳ ಜೀವ ಹಂಬಲಿಸಿತು. ಆದರೆ ಆ ಕದ ಮುಚ್ಚಿತೆಂದರೆ ಇಡೀ ಓಣಿ ಮತ್ತೆ ಬಾಯಿ ಮುಚ್ಚುತ್ತದೆ.

"ಬೇಡ ಮಗಳೇ, ಬಾರ್ಸು," ಎಂದಳು. ಎರಡು ಕೈಯೂ ಕೆಲಸದಲ್ಲಿದ್ದದ್ದರಿಂದ ಕಣ್ಣು ಒರೆಸಿಕೊಳ್ಳಲಿಲ್ಲ. ಕೊನೆಯ ಹುಡುಗಿ ಎದ್ದು ಮನೆಗೆ ಹೋಗುವವರೆಗೂ ಹೊಸ್ತಿಲಲ್ಲೇ ಕುಳಿತು, ಶಾಮಾ ತಾಳಕ್ಕೆ ತಲೆಯಾಡಿಸಿದಾಗಲೆಲ್ಲ ದೊಡ್ಡ ಗಡಿಗೆಗೆ ಒಂದು ಪೆಟ್ಟು ಹಾಕುತ್ತಾ ಇದ್ದಳು.