ಜೂಮ್ ಇಲ್ಲದ ಲೆನ್ಸು

ಊರಲ್ಲಿ ಯಾರ ಮದುವೆಯೇ ಇರಲಿ, ಫೋಟೋಕ್ಕೆ ಸ್ಟುಡಿಯೋ ಅಕ್ಕನೇ ಬೇಕು. ಅಂಥವಳ ಬಲಭುಜಕ್ಕೆ ಆಪರೇಷನ್ ಆಗಿ, ಇನ್ನು ಭಾರ ಎತ್ತಕೂಡದೆಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿಬಿಟ್ಟರು. "ಸಾಕು ಬಿಡಿ ಅತ್ತಿಗೆ, ಆರಾಮಾಗಿ ಮನೇಲಿರಿ," ಎಂದ ಮೈದುನ. ಆರಾಮಂತೆ ಆರಾಮ! ಅವಳಿಗೆ ಮೈಯೆಲ್ಲ ಉರಿದುಹೋಯಿತು. ಮುಂದಿನ ವಾರದ ಮದುವೆಗೆ ತಾನು ಬರುವುದು ಹೌದೋ ಅಲ್ಲವೋ ಎಂದು ಮದುಮಗಳ ತಾಯಿಗೆ ಇವತ್ತು ಸಂಜೆಯೊಳಗೆ ಹೇಳಬೇಕು. ಅದಕ್ಕೇ ಗಂಡ, ಅಂಗೈಯಲ್ಲಿ ಮುಚ್ಚಿಡಬಹುದಾದ ಪ್ರೈಮ್ ಲೆನ್ಸೊಂದನ್ನು ಹಗುರವಾದ ಮಿರರ್‌ಲೆಸ್ ಕ್ಯಾಮೆರಾಕ್ಕೆ ಹಾಕಿಸಿ, ನಿನ್ನಿಂದ ಆಗುತ್ತದೋ ಇಲ್ಲವೋ ಪರೀಕ್ಷೆ ಮಾಡಿಯೇಬಿಡು ಎಂದು, ಯಾರೂ ಗುರುತು ಹಿಡಿಯದ ಈ ಪರ ಊರಿಗೆ ಕರೆತಂದಿದ್ದ.

ಬೆಳಗಿನ ಫೋಟೋಗಳೆಲ್ಲ ಹಾಳು. ಸೇತುವೆ ಮಸುಕು, ಹೂವಿನಂಗಡಿ ಮಸುಕು, ಗಂಡನ ಮುಖವಂತೂ ಕೇಳಲೇಬೇಡಿ.

"ನಾನಿರೋದೇ ಹಂಗೆ ಬಿಡು," ಎಂದ ಅವನು.

"ತಮಾಷೆ ಸಾಕ್ರೀ!" ಅವಳಿಗೆ ಅಳುವೇ ಬಂತು. "ನನ್ನ ಕೈ ನಡುಗ್ತಿದೆ. ಮುಗೀತು ನನ್ನ ಕಥೆ."

ಅವನು ಅವಳ ಎಡಗೈಯನ್ನೇ ದಿಟ್ಟಿಸಿದ. "ನಡುಗ್ತಿಲ್ಲ ಕಣೇ. ಜೂಮ್ ತಿರುಗಿಸ್ತಿದ್ದೀಯ. ಇದಕ್ಕೆ ಜೂಮೇ ಇಲ್ವಲ್ಲ!"

ಹೌದಲ್ಲ! ಹಳೆಯ ದೊಡ್ಡ ಲೆನ್ಸಿನ ಅಭ್ಯಾಸಬಲ. ದೂರದ್ದನ್ನು ಹತ್ತಿರ ಎಳೆಯಲೆಂದು ಬೆರಳು ತಾನಾಗಿಯೇ ಲೆನ್ಸಿನ ಸುತ್ತಲಿನ ಬಳೆ ತಿರುಗಿಸುತ್ತಿತ್ತು. ಇಲ್ಲಿದ್ದದ್ದು ಫೋಕಸ್ಸಿನ ಬಳೆ, ಸರಿಯಾಗಿ ಕೂತ ಫೋಕಸ್ಸೂ ಕೆಟ್ಟುಹೋಗುತ್ತಿತ್ತು. ಅವಳಿಗೆ ಹೋದ ಜೀವ ಬಂದಂತಾಯಿತು.

"ಹತ್ತಿರ ಬೇಕಾದ್ರೆ ನಾನೇ ಹತ್ತಿರ ಹೋಗ್ಬೇಕು. ಅಷ್ಟೇ ತಾನೆ?"

ಎದುರಿಗೊಂದು ಕಟಿಂಗ್ ಶಾಪು. ಅಂಗಡಿಯವನು ತನ್ನ ಮುದಿ ತಂದೆಗೇ ಶೇವಿಂಗ್ ಮಾಡುತ್ತಿದ್ದ. ಮೊದಲಾಗಿದ್ದರೆ ರಸ್ತೆಯ ಈಚೆಯಿಂದಲೇ ತೆಗೆದು ಮುಗಿಸುತ್ತಿದ್ದಳು. ಈಗ ಒಳಗೆ ಹೋಗಿ ಕೇಳಿದಳು.

"ತೆಗೀರಿ ಅಕ್ಕಾ. ಅಪ್ಪನ್ನ ಮಾತ್ರ ಮಾತಿಗೆಳೀಬೇಡಿ, ಆಮೇಲೆ ನಿಲ್ಲಿಸಲ್ಲ."

"ಬಾಯಿ ಮುಚ್ಕೊಂಡು ನಿನ್ನ ಕೆಲಸ ನೋಡೋ," ಎಂದಿತು ನೊರೆಯೊಳಗಿನ ಮುಖ.

ಅವಳು ಕನ್ನಡಿಗೆ ಬೆನ್ನು ಹಚ್ಚಿ ನಿಂತಳು. ಎಡಗೈಗೆ ಗದರಿ ಸುಮ್ಮನಿರಿಸಿದಳು. ಮಗ ನಗುತ್ತಲೇ ಹೆಬ್ಬೆರಳಿನಿಂದ ಅಪ್ಪನ ಗದ್ದ ಮೆಲ್ಲಗೆ ಎತ್ತಿದ. ಅಪ್ಪ ಕಣ್ಣುಮುಚ್ಚಿ ಕತ್ತು ಒಪ್ಪಿಸಿದ. ಅವಳು ಗುಂಡಿ ಒತ್ತಿದಳು.

ನೊರೆಯ ಒಂದೊಂದು ಗುಳ್ಳೆಯೂ ಬಂದಿತ್ತು, ಮುದುಕನ ರೆಪ್ಪೆಗೂದಲು ಬಂದಿತ್ತು. ಹಿಂದಿನ ಬಾಟಲಿ, ಡಬ್ಬಿಗಳೆಲ್ಲ ಮಂಜಾಗಿ ಕರಗಿದ್ದವು. ಭುಜ ಚಕಾರ ಎತ್ತಿರಲಿಲ್ಲ. ಭಲೇ ಎಂದು ತನಗೆ ತಾನೇ ಹೇಳಿಕೊಂಡಳು. ಇಷ್ಟು ವರ್ಷ ಎಷ್ಟೋ ತೆಗೆದಿದ್ದಳು, ಇಂಥದ್ದೊಂದು ತೆಗೆದಿರಲಿಲ್ಲ.

ಮಗ ಕ್ಯಾಮೆರಾ ಇಸಿದುಕೊಂಡು ಫೋಟೋವನ್ನು ತಂದೆಯ ಕಣ್ಣ ಮುಂದೆ ಹಿಡಿದ. ಮುದುಕ ನೋಡಿದ, ಮತ್ತೆ ಮತ್ತೆ ನೋಡಿದ.

"ಇವನು ನನ್ನನ್ನ ಇಷ್ಟು ಮೆತ್ತಗೆ ಹಿಡ್ಕೋತಾನಾ?" ಎಂದ ಕೊನೆಗೆ.

ಸ್ಟುಡಿಯೋ ಅಕ್ಕ ಎದೆಯುಬ್ಬಿಸಿಕೊಂಡು ಬೀದಿಗಿಳಿದು, ಅಲ್ಲೇ ನಿಂತು ಮದುಮಗಳ ತಾಯಿಗೆ ಫೋನು ಹಚ್ಚಿದಳು.

"ನಾನೇ ಬರ್ತೀನಮ್ಮಾ. ಆದ್ರೆ ಒಂದು ಮಾತು ಕೇಳಿ. ಈ ಸಲ ನಾನು ದೂರ ನಿಲ್ಲಲ್ಲ. ನೀವು ಮಗಳನ್ನ ತಬ್ಬಿಕೊಳ್ಳೋವಾಗ ಪಕ್ಕದಲ್ಲೇ ಇರ್ತೀನಿ. ಸಂಕೋಚ ಪಡ್ದೆ ತಬ್ಬಿಕೊಳ್ಳಿ."