ಒಂದು ಸಲ ತಟ್ಟಿದರೆ ಹೌದು

"ಈಗ ಮಾತಾಡಿ," ಎಂದರು ಡಾಕ್ಟರು.

ಉಮಾಶಂಕರನಿಗೆ ಏನು ಹೇಳಬೇಕೆಂದು ತೋಚಲಿಲ್ಲ. ಅರವತ್ತಮೂರು ದಿನಗಳಿಂದ ಅವನು ಈ ಗಳಿಗೆಗಾಗಿಯೇ ಕಾಯುತ್ತಿದ್ದಾನೆಂದು ಎಲ್ಲರೂ ನಂಬಿದ್ದರು. ಅವನೂ ನಂಬಿದ್ದ.

"ಏನಾದ್ರೂ ಹೇಳ್ರಿ. ಹೆಸರು ಹೇಳಿ."

"ಉಮಾಶಂಕರ್," ಎಂದ. ಪಕ್ಕದ ಕೋಣೆಯಿಂದ ಬೇರೆ ಯಾರೋ ಕೂಗಿಗೆ ಓಗೊಟ್ಟ ಹಾಗೆ ಕೇಳಿಸಿತು.

"ಚೆನ್ನಾಗಿದೆ. ಗಂಟಲಿನ ಗಂಟು ತೆಗೆದ ಜಾಗ ಪೂರ್ತಿ ಮಾಗಿದೆ. ಒಂದು ವಾರ ಮನೇಲಿ ಮೆಲ್ಲಗೆ ಮಾತಾಡಿ, ಆಮೇಲೆ ಕೆಲಸಕ್ಕೆ ಹೋಗಿ. ಕಿರುಚಬೇಡಿ, ಅಷ್ಟೆ." ಡಾಕ್ಟರು ಚೀಟಿ ಬರೆಯುತ್ತ ತಲೆಯೆತ್ತಿದರು. "ಯಾಕ್ರಿ, ಖುಷಿ ಆಗ್ಲಿಲ್ವಾ?"

ಆಯಿತು ಎಂಬಂತೆ ಅವನು ತಲೆಯಾಡಿಸಿದ.

"ಬಾಯಲ್ಲಿ ಹೇಳಿ, ಬಾಯಲ್ಲಿ," ಎಂದು ಡಾಕ್ಟರು ನಕ್ಕರು. ನರ್ಸೂ ನಕ್ಕಳು. ಅವನು ಕೈಮುಗಿದು ಹೊರಗೆ ಬಂದ.

ಅರಸೀಕೆರೆಯ ಬಿಸಿಲು ಕಣ್ಣಿಗೆ ಹೊಡೆಯಿತು. ಜಾವಗಲ್ ಕಡೆಯ ಬಸ್ಸು ಹೊರಡುವುದರಲ್ಲಿತ್ತು. ಕಿಟಕಿಯ ಪಕ್ಕ ಕೂತು, ಕಂಡಕ್ಟರನ ಮುಂದೆ ಎಂದಿನಂತೆ ಊರಿನ ಹೆಸರು ಬರೆದ ಚೀಟಿ ಹಿಡಿದ. ಕಂಡಕ್ಟರ್ ಚೀಟಿ ಓದಿ, ಮರುಕದಿಂದ ಅವನ ಭುಜ ತಟ್ಟಿ ಟಿಕೆಟ್ ಕೊಟ್ಟ. ಮಾತಾಡಬಹುದಾಗಿತ್ತು ಎಂಬುದು ಅವನಿಗೆ ಹೊಳೆದದ್ದು ಆಮೇಲೆ. ಎದೆಯೊಳಗೆ ಏನೋ ಹಗುರವಾಗಿತ್ತು. ಅದು ವಾಸಿಯಾದ ನೆಮ್ಮದಿಯೆಂದೇ ಅವನು ತಿಳಿದ.

ಹದಿನೆಂಟು ವರ್ಷ ಅವನು ಹಳೇಬೀಡಿನ ದೇವಸ್ಥಾನದಲ್ಲಿ ಗೈಡ್ ಆಗಿದ್ದ. ಇತಿಹಾಸದಲ್ಲಿ ಎಂ.ಎ. ಕನ್ನಡ, ಹಿಂದಿ, ಇಂಗ್ಲಿಷ್. ದಿನಕ್ಕೆ ನಾಲ್ಕು ಸುತ್ತು, ರಜೆಯಲ್ಲಿ ಏಳು. ಮಾತು ನಿಂತರೆ ಕಾಸು ನಿಲ್ಲುವ ಕೆಲಸ. ಒಂದು ಭಾನುವಾರ, ನಂದಿಯ ಮುಂದೆ ನಿಂತು ನಲವತ್ತು ಜನರಿಗೆ ವಿವರಿಸುತ್ತಿದ್ದಾಗ ಗಂಟಲು ಬಟ್ಟೆ ಹರಿದ ಹಾಗೆ ಸದ್ದು ಮಾಡಿ ನಿಂತುಹೋಯಿತು. ಆಪರೇಷನ್ ಆಯಿತು. ಎರಡು ತಿಂಗಳು ಒಂದಕ್ಷರ ಆಡಕೂಡದು ಎಂದರು.

ಮೊದಲ ವಾರ ಅವನು ಮನೆಯಲ್ಲಿ ಗೋಡೆ ನೋಡುತ್ತ ಕೂತಿದ್ದ. ಮಾತು ನಿಂತದ್ದನ್ನು ಯಾರಿಗೂ ಹೇಳಕೂಡದು ಎಂದು ಕಾಗದದಲ್ಲಿ ಬರೆದು ಹೆಂಡತಿಗೆ ತೋರಿಸಿದ. ಯಶೋಧರಾ ಆ ಕಾಗದವನ್ನು ಮಡಿಸಿ ಡಬ್ಬಿಯಲ್ಲಿಟ್ಟು, ಚಪ್ಪಲಿ ಮೆಟ್ಟಿಕೊಂಡು ಹೊರಟು ಎಲ್ಲರಿಗೂ ಹೇಳಿದಳು. ಮಗನ ಸ್ಕೂಲಿಗೆ ಹೋಗಿ ಫೀಸನ್ನು ಮೂರು ಕಂತು ಮಾಡಿಸಿಕೊಂಡಳು. ಬೈಕನ್ನು ಇನ್ನೊಬ್ಬ ಗೈಡ್ ಶಶಿಕಿರಣನಿಗೆ ಬಾಡಿಗೆಗೆ ಕೊಟ್ಟಳು. ಬೇಲೂರಿನ ತಾಲ್ಲೂಕು ಕಚೇರಿಯಲ್ಲಿದ್ದ ಅವನ ಅಕ್ಕ ಮೀನಾಕ್ಷಿ ಅಕ್ಕಿಮೂಟೆ ಕಳಿಸಿದಳು. ಬೇಲೂರು ರಸ್ತೆಯ ಒಂದು ಹೋಮ್‌ಸ್ಟೇಗೆ ದಿನಾ ಐವತ್ತು ಚಪಾತಿ ಮಾಡಿಕೊಡುವ ಕೆಲಸವನ್ನು ಯಶೋಧರಾ ತಾನೇ ಹಿಡಿದಳು. ಅವನಿಗೂ ಒಂದು ಕೆಲಸ ಹುಡುಕಿದಳು, ಬಾಯಿ ಬೇಡದ ಕೆಲಸ.

ಸಂಸಾರ ಮುಳುಗಲಿಲ್ಲ. ಅವನು ಒಂದು ಮಾತೂ ಆಡದೆಯೇ ಮುಳುಗಲಿಲ್ಲ.

ಬಾಣಾವರ ದಾಟುವಾಗ ಫೋನು ಹೊಡೆದುಕೊಂಡಿತು. ಯಶೋಧರಾ. ಈ ಎರಡು ತಿಂಗಳಲ್ಲಿ ಅವರು ಒಂದು ಉಪಾಯ ಕಂಡುಕೊಂಡಿದ್ದರು. ಅವಳು ಕೇಳುವಳು, ಅವನು ಉಗುರಿನಿಂದ ಫೋನಿನ ಮೇಲೆ ತಟ್ಟುವನು. ಒಂದು ಸಲ ತಟ್ಟಿದರೆ ಹೌದು, ಎರಡು ಸಲ ತಟ್ಟಿದರೆ ಇಲ್ಲ.

"ರೀ, ತೋರಿಸಿದ್ರಾ?"

ಒಂದು ತಟ್ಟು.

"ಏನಂದ್ರು? ಇನ್ನೂ ಮಾತು ಬೇಡ ಅಂದ್ರಾ?"

ಅವನ ಬಾಯಲ್ಲಿ ಮಾತು ಬಂದು ನಿಂತಿತ್ತು. ಹಿಂದಿನ ಸೀಟಿನಲ್ಲಿ ಯಾರೋ ಕಡಲೆಕಾಯಿ ಸುಲಿಯುತ್ತಿದ್ದರು. ಉಗುರು ಒಂದು ಸಲ ತಟ್ಟಿತು. ಎರಡನೆಯದಕ್ಕೆ ಅವನೂ ಕಾದ. ಅದು ಬರಲಿಲ್ಲ.

"ಹೋಗ್ಲಿ ಬಿಡಿ," ಎಂದಳು ಅವಳು. ಅವಳ ದನಿಯಲ್ಲಿ ಬೇಸರವಿರಲಿಲ್ಲ. "ಏನೂ ಯೋಚ್ನೆ ಮಾಡ್ಬೇಡಿ. ನಡೀತಿದೆಯಲ್ಲ."

ಜಾವಗಲ್ಲಿನಲ್ಲಿ ಇಳಿದು ಎಂದಿನಂತೆ ಕೆಲಸಕ್ಕೆ ರಾಮಣ್ಣನವರ ಶೆಡ್ಡಿಗೆ ಹೋದ. ರಾಮಣ್ಣ ತೋಟದವರು, ಸುತ್ತಲಿನ ಕೊಬ್ಬರಿ ಕೊಂಡು ಅರಸೀಕೆರೆಗೆ ಸಾಗಿಸುವವರು. ಶೆಡ್ಡಿನ ನೆಲದ ಮೇಲೆ ಉಂಡೆ ಕೊಬ್ಬರಿಯ ಗುಡ್ಡೆ. ದಪ್ಪದ್ದು ಒಂದು ಕಡೆ, ಸಣ್ಣದ್ದು ಒಂದು ಕಡೆ, ಕಪ್ಪಾದದ್ದು ಬುಟ್ಟಿಗೆ. ಕೈಗೆ ಬಂದ ಉಂಡೆಯನ್ನು ನೋಡಿದರೆ ಸಾಕು, ಅದರ ಬಗ್ಗೆ ಯಾರಿಗೂ ಏನೂ ಹೇಳಬೇಕಿರಲಿಲ್ಲ. ಯಾವ ಶತಮಾನದ್ದು ಎಂದು ಯಾರೂ ಕೇಳುತ್ತಿರಲಿಲ್ಲ.

ಅವನ ಪಕ್ಕದಲ್ಲಿ ಹನುಮಮ್ಮ ಕೂರುತ್ತಿದ್ದಳು. ಅರವತ್ತು ದಾಟಿದ ಹೆಂಗಸು. ಮೊದಲ ದಿನ ಅವನನ್ನು ಕಂಡು ಕನಿಕರಪಟ್ಟಳು. ಎರಡನೆಯ ದಿನ ಸೊಸೆಯ ವಿಷಯ ಹೇಳಿದಳು. ಹತ್ತು ದಿನ ಕಳೆಯುವುದರೊಳಗೆ ತನ್ನ ಅರವತ್ತು ವರ್ಷವನ್ನೂ ಅವನ ಮುಂದೆ ಸುರಿದಿದ್ದಳು. ಮೂಗನಿಗೆ ಹೇಳಿದರೆ ಬಾವಿಗೆ ಹಾಕಿದಂತೆ ಎಂದು ಅವಳು ಎಣಿಸಿದ್ದಿರಬೇಕು. ಇವತ್ತು ಕೈಯಲ್ಲಿದ್ದ ಉಂಡೆಯನ್ನು ತಿರುಗಿಸುತ್ತ ಹೇಳಿದಳು:

"ನಮ್ಮೆಜಮಾನ ಸತ್ತ ದಿನ ಐತಲ್ಲ, ಅವತ್ತು ನಂಗೆ ಹಸಿವಾಯ್ತು ಕಣಪ್ಪ. ಮಣ್ಣು ಮಾಡಿ ಬಂದ್ರು. ಎಲ್ಲಾರೂ ಅಳ್ತಾವ್ರೆ. ನಾನು ಒಳೀಕೆ ಹೋಗಿ ಎರಡು ಮುದ್ದೆ ಉಂಡೆ. ಅಷ್ಟು ರುಚಿಯಾಗಿ ಯಾವತ್ತೂ ಉಂಡಿರ್ನಿಲ್ಲ."

ಅವನ ಕೈ ನಿಂತಿತು.

"ಒಳ್ಳೇವ್ನೇಯ. ಹೊಡೀತಿರ್ನಿಲ್ಲ, ಕುಡೀತಿರ್ನಿಲ್ಲ. ಬರೀ ಮಾತು. ಬೆಳಗಿಂದ ರಾತ್ರಿಗಂಟ ಅವನದೊಂದೇ ಮಾತು." ಅವಳು ಅವನ ಮುಖವನ್ನೇ ನೋಡಿದಳು. "ತಪ್ಪಾ, ಮಗ?"

'ತಪ್ಪಲ್ಲ' ಎಂಬ ಪದ ಗಂಟಲಿನವರೆಗೆ ಬಂತು. ಅದು ಹೊಸ ದನಿಯಲ್ಲಿ ಹೊರಬಿದ್ದ ಕ್ಷಣದಲ್ಲೇ ಹನುಮಮ್ಮ ಬಾಯಿ ಮುಚ್ಚುತ್ತಾಳೆ, ಎರಡು ತಿಂಗಳಿಂದ ಹೇಳಿದ್ದನ್ನೆಲ್ಲ ನೆನೆದು ನಾಚಿಕೆಯಿಂದ ಸಾಯುತ್ತಾಳೆ ಎನಿಸಿತು. ಅವನು ಇಲ್ಲವೆಂದು ತಲೆಯಾಡಿಸಿದ. ಅವಳು ನಿಟ್ಟುಸಿರುಬಿಟ್ಟು ಮುಂದಿನ ಉಂಡೆ ಎತ್ತಿಕೊಂಡಳು.

ನಾಲ್ಕು ಗಂಟೆಗೆ ರಾಮಣ್ಣ ಬಂದರು. ಅವನೊಂದಿಗೆ ಅವರು ಯಾವಾಗಲೂ ಕಿವುಡನೊಂದಿಗೆ ಮಾತಾಡುವಂತೆ ಗಟ್ಟಿಯಾಗಿ ಮಾತಾಡುತ್ತಿದ್ದರು.

"ಇನ್ನೂ ಎರಡು ತಿಂಗಳು ಕೆಲಸ ಐತೆ ಕಣಯ್ಯ. ಬತ್ತೀಯ ತಾನೆ?"

ಅವನು ತಲೆದೂಗಿದ.

"ಮೊದ್ಲು ನಿನ್ನ ಕಂಡ್ರೆ ನಂಗೆ ಆಗ್ತಿರ್ನಿಲ್ಲ, ನಿಜ ಹೇಳ್ತೀನಿ. ದ್ಯಾವಯ್ಯನ ಮಗ ಇಂಗ್ಲೀಷ್‌ನಾಗೆ ಏನೇನೋ ಹೇಳ್ತಾನೆ, ಸಭೆಯಾಗೆ ಎದ್ದು ನಿಂತು ಎದುರು ಮಾತಾಡ್ತಾನೆ ಅಂತಿದ್ರು. ಈಗ ನೋಡು, ಎಷ್ಟು ಒಳ್ಳೆ ಮನುಷ್ಯ ಆಗ್ಬಿಟ್ಟೆ."

ರಾಮಣ್ಣ ಪ್ರೀತಿಯಿಂದಲೇ ಹೇಳಿದ್ದರು. ಕೂಲಿಯ ಜೊತೆಗೆ ಮನೆಗೆಂದು ಎರಡು ತೆಂಗಿನಕಾಯಿಯನ್ನೂ ಕೊಟ್ಟರು. ಅವನು ಎರಡೂ ಕೈ ಚಾಚಿ ತೆಗೆದುಕೊಂಡ.

ಅಪ್ಪ ದ್ಯಾವಯ್ಯ ಕೇರಿಯವನು, ದೇವಸ್ಥಾನದ ಕಾಂಪೌಂಡಿನ ಹೊರಗೇ ನಿಂತು ಮುದುಕನಾದವನು. ಒಳಗಿನ ಗೋಡೆಯ ಮೇಲೆ ಏನೇನಿದೆಯೆಂದು ಮಗನ ಬಾಯಿಂದಲೇ ಕೇಳಿದ್ದ, ಅದೂ ಅರವತ್ತೈದನೆಯ ವಯಸ್ಸಿನಲ್ಲಿ. ಸಾಯುವ ಮೊದಲು ಮಗನ ಗಲ್ಲ ಹಿಡಿದು, "ನಮ್ಮ ಪೈಕಿ ಬಾಯಿ ಬಿಟ್ಟೋನು ನೀನೇ ಮೊದ್ಲು ಕಣಪ್ಪ. ಮುಚ್‌ಬ್ಯಾಡ," ಎಂದಿದ್ದ.

ಹಳೇಬೀಡಿನ ಬಸ್ಸಿನಲ್ಲಿ ತೆಂಗಿನಕಾಯಿಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಾಗ ಉಮಾಶಂಕರನಿಗೆ ಅದು ನೆನಪಾಯಿತು. ನೋವಾಗಬೇಕಿತ್ತು. ನಿದ್ದೆ ಬಂತು.

ಮನೆಯ ಬಾಗಿಲಲ್ಲೇ ನಗು ಕೇಳಿಸಿತು. ಅಡಿಗೆಮನೆಯಲ್ಲಿ ಯಶೋಧರಾ ಚಪಾತಿ ಲಟ್ಟಿಸುತ್ತಿದ್ದಳು. ಎಂಟನೆಯ ಕ್ಲಾಸಿನ ಮಗ ಸಮ್ಯಕ್ ಬೇಯಿಸುತ್ತ, ಸ್ಕೂಲಿನಲ್ಲಿ ನಡೆದದ್ದನ್ನು ಅಭಿನಯಿಸಿ ತೋರಿಸುತ್ತಿದ್ದ. ಮೊದಲೆಲ್ಲ ಅಪ್ಪ ಒಳಗೆ ಬಂದರೆ ಪುಸ್ತಕ ಹಿಡಿಯುತ್ತಿದ್ದ. ಈಗ ನಿಲ್ಲಿಸಲೂ ಇಲ್ಲ.

"ಅಪ್ಪಾ, ಇವತ್ತು ನಮ್ಮೂರಿನ ಬಗ್ಗೆ ನಾನೇ ಭಾಷಣ ಮಾಡ್ದೆ. ಬೇಲೂರು ದೇವಸ್ಥಾನ ಆಗಿ ಇನ್ನೂರು ವರ್ಷಕ್ಕೆ ನಮ್ಮದು ಕಟ್ಟಿದ್ದು ಅಂತ ಹೇಳ್ದೆ. ಎಲ್ಲರೂ ಚಪ್ಪಾಳೆ ಹೊಡೆದ್ರು!"

ಇನ್ನೂರಲ್ಲ, ನಾಲ್ಕೈದು ವರ್ಷ. ಹದಿನೆಂಟು ವರ್ಷದ ಅಭ್ಯಾಸ ನಾಲಿಗೆಯ ತುದಿಯಲ್ಲಿ ನಿಂತು ತುಡಿಯಿತು. ಅದನ್ನು ಹೇಳಿದರೆ ಇಸವಿ ಬರುತ್ತದೆ, ಇಸವಿಯ ಹಿಂದೆ ಶಾಸನ ಬರುತ್ತದೆ, ಶಾಸನದ ಹಿಂದೆ ಬೈಗುಳ. ಹುಡುಗನ ಮುಖ ಬೆಳಗುತ್ತಿತ್ತು. ಅವನು ಮಗನ ಬೆನ್ನು ತಟ್ಟಿದ. ಇತಿಹಾಸದಲ್ಲಿ ಇನ್ನೂರು ವರ್ಷ ಹೆಚ್ಚಾಯಿತು, ಯಾರಿಗೂ ಏನೂ ಆಗಲಿಲ್ಲ.

ಸಮ್ಯಕ್ ಚಪಾತಿಯ ಡಬ್ಬಿ ಹಿಡಿದು ಹೊರಗೆ ಹೋದ ಮೇಲೆ ಯಶೋಧರಾ ಸೆರಗಿನಿಂದ ಮುಖ ಒರೆಸಿಕೊಂಡಳು.

"ಸ್ಕೂಲಿನ ಕೊನೇ ಕಂತು ಕಟ್ಟಿ ಬಂದೆ. ಇನ್ನು ಯಾರ ಮುಂದೇನೂ ತಲೆ ತಗ್ಗಿಸ್ಬೇಕಿಲ್ಲ ನಾವು. ನಾನಂತೂ ಹೆದರಿಹೋಗಿದ್ದೆ ರೀ. ದಾಟಿಬಿಟ್ವಿ ಅಲ್ವಾ?"

ಅವನು ತಲೆಯಾಡಿಸಿದ. ನಿಜವಾಗಿಯೂ ದಾಟಿದ್ದರು. ಅವಳ ಕೆನ್ನೆಗೆ ಹಿಟ್ಟು ಮೆತ್ತಿತ್ತು. ಇಷ್ಟು ನಿರಾಳವಾದ ಮುಖವನ್ನು ಅವನು ಎಷ್ಟು ವರ್ಷದಿಂದ ನೋಡಿರಲಿಲ್ಲವೋ.

"ಒಂದು ಹೇಳ್ಲಾ? ಬೇಜಾರು ಮಾಡ್ಕೋಬೇಡಿ." ಅವಳು ಲಟ್ಟಣಿಗೆಯನ್ನೇ ನೋಡುತ್ತ ಹೇಳಿದಳು. "ಈ ಎರಡು ತಿಂಗಳಲ್ಲಿ ಮನೇಲಿ ಜಾಗ ಜಾಸ್ತಿ ಆದಂಗಿದೆ."

ಕೂಡಲೇ ಅವಳು ಹೆದರಿ ಅವನತ್ತ ತಿರುಗಿದಳು. ಅವನು ನಗುತ್ತಿದ್ದ. ಅವಳೂ ನಕ್ಕಳು. ಜೇಬಿನಲ್ಲಿ ಡಾಕ್ಟರ ಚೀಟಿಯಿತ್ತು. 'ಮಾತಾಡಬಹುದು' ಎಂದು ಅದರಲ್ಲಿ ಇಂಗ್ಲಿಷಿನಲ್ಲಿ ಬರೆದಿತ್ತು. ಅವನು ಬಚ್ಚಲಿಗೆ ಹೋಗಿ, ಅದನ್ನು ನಾಲ್ಕಾಗಿ ಹರಿದು, ನೀರೊಲೆಯ ಉರಿಗೆ ಹಾಕಿ ಬಂದ.

"ಹಾಲಿಲ್ಲ, ತಂದುಬಿಡ್ತೀರಾ?" ಎಂದಳು. ಹೊರಟ.

ಸಂಜೆಯ ಬಿಸಿಲು ಬಸ್‌ಸ್ಟಾಂಡಿನ ಮುಂದೆ ಉದ್ದಕ್ಕೆ ಮಲಗಿತ್ತು. ಹಾಲಿನ ಪ್ಯಾಕೆಟ್ ಹಿಡಿದು ರಸ್ತೆ ದಾಟುವಾಗ ಎರಡು ಟೂರಿಸ್ಟ್ ಬಸ್ಸುಗಳು ಒಂದರ ಹಿಂದೊಂದು ಬಂದು ನಿಂತವು. ಧಾರವಾಡದ ಕಡೆಯವರಿರಬೇಕು. ಮುಂದಿನ ಬಾಗಿಲಿನಿಂದ ಒಬ್ಬ ಯಜಮಾನರು ಬಗ್ಗಿ ಕೇಳಿದರು:

"ಜೈನ ಬಸದಿ ಎಲ್ಲೈತ್ರೀ?"

ಅವನಿಗೆ ಗೊತ್ತಿತ್ತು. ದಾರಿಯಷ್ಟೇ ಅಲ್ಲ, ಅಲ್ಲಿನ ಕಂಬಗಳ ಹೊಳಪಿನ ಬಗ್ಗೆ ಮೂರು ಭಾಷೆಯಲ್ಲಿ ಇಪ್ಪತ್ತು ನಿಮಿಷ ಹೇಳಬಲ್ಲವನಾಗಿದ್ದ. ಅವನು ಬಲಗೈ ಎತ್ತಿ ತೋರಿಸಿದ.

ಜನ ಇಳಿದರು. ಒಬ್ಬೊಬ್ಬರೂ ಅವನ ಕೈಯನ್ನು ನೋಡಿ ಆ ಕಡೆ ನಡೆದರು. ಮುಖವನ್ನು ಯಾರೂ ನೋಡಲಿಲ್ಲ.

"ಭಾಳ ದೂರ ಏನ್ರೀ?" ಎಂದು ಒಬ್ಬಾಕೆ ಕೇಳಿದಳು. ಉತ್ತರಕ್ಕೆ ಒಂದು ಕ್ಷಣ ಕಾದು ಪಕ್ಕದವಳಿಗೆ, "ಪಾಪ, ಬಾಯಿ ಬರೂದಿಲ್ಲ ಕಾಣಸ್ತೈತಿ," ಎಂದಳು.

ಎರಡನೆಯ ಬಸ್ಸಿನವರೂ ಇಳಿಯತೊಡಗಿದರು. ಕೈ ಇಳಿಸಿದರೆ ಅವರು ದಾರಿ ತಪ್ಪಬಹುದು. ಭುಜ ಸೆಳೆಯುತ್ತಿತ್ತು, ಆದರೂ ಎಂಥದೋ ನೆಮ್ಮದಿ ತೋಳಿನುದ್ದಕ್ಕೂ ಹರಿದು ಬೆರಳ ತುದಿಗೆ ಬಂದು ನಿಂತಿತ್ತು. ಕೊನೆಯವರೂ ದಾಟಿಹೋದರು. ಬಸ್ಸುಗಳು ಹಿಂದೆ ಸರಿದು ನಿಲ್ಲುವ ಜಾಗ ಹುಡುಕಿಕೊಂಡು ಹೋದವು. ರಸ್ತೆ ಬರಿದಾಯಿತು.

ಹುಲ್ಲಿನ ಹೊರೆ ಕಟ್ಟಿಕೊಂಡು ಸೈಕಲ್ಲಿನಲ್ಲಿ ಬಂದ ಯಾರೋ ಒಬ್ಬ ಇನ್ನೂ ಚಾಚಿಯೇ ಇದ್ದ ಆ ಕೈಯ ಕೆಳಗೆ, ಕಂಬಕ್ಕೆ ಹೊಡೆದ ದಾರಿ ತೋರುವ ಹಲಗೆಯ ಕೆಳಗೆ ನುಸುಳುವ ಹಾಗೆ, ತಲೆ ತಗ್ಗಿಸಿ ದಾಟಿಹೋದ.